ಹಳೆಯ ಕ್ಯಾಮೆರಾ ಕೊಳ್ಳಬಹುದೆ?

ಛಾಯಾಗ್ರಹಣ ಕಲಿಯುವ ಮಗ ಅಥವಾ ಮಗಳು ಹೊಸ ಕ್ಯಾಮೆರಾ ಕೇಳಿದಾಗ ಬೆಲೆ ತಿಳಿದು ಹೌಹಾರುವ ಪಾಲಕರು ಅನೇಕರು. ಅಂಥವರು ವೃತ್ತಿನಿರತರು ಬಳಸಿ ಮಾರಿದ ಕ್ಯಾಮೆರಾಗಳನ್ನೂ ಗಮನಿಸಬಹುದು.

2007ರಲ್ಲಿ ಬಂದ ನಿಕಾನ್ ಡಿ3 ಇಂಥದೊಂದು. ಪತ್ರಿಕಾ ಛಾಯಾಗ್ರಾಹಕರಿಗೆಂದೇ ತಯಾರಾದ, ದೂಳು-ತೇವಕ್ಕೆ ಬೇಗ ಜಗ್ಗದ ಗಟ್ಟಿ ಕ್ಯಾಮೆರಾ. ಸೆಕೆಂಡಿಗೆ 9 ಚಿತ್ರ ತೆಗೆಯುತ್ತದೆ. ಇದರದು 12 ಮೆಗಾಪಿಕ್ಸೆಲ್ ಮಾತ್ರ. ಇಂದಿನ ಮೊಬೈಲುಗಳ ಅಂಕಿ ಇದಕ್ಕಿಂತ ದೊಡ್ಡದು. ಆದರೆ 12 ಅಂಗುಲ ಉದ್ದ, 8 ಅಂಗುಲ ಅಗಲದ ಪ್ರಿಂಟಿಗೆ ಇಷ್ಟು ಧಾರಾಳ. ಬೆಳಕು ಹಿಡಿಯುವ ಸೆನ್ಸರ್ ಹಳೆಯ 35 ಮಿ.ಮೀ. ಫಿಲಂ ಚೌಕಟ್ಟಿನಷ್ಟೇ ದೊಡ್ಡದು. ಆದ್ದರಿಂದ ಸಂಜೆಯ ಮಬ್ಬಿನಲ್ಲೂ ಚಿತ್ರ ಚೆನ್ನಾಗಿ ಮೂಡುತ್ತದೆ.

ಕೊಳ್ಳುವ ಮುನ್ನ ಷಟರ್ ಎಷ್ಟು ಬಾರಿ ಓಡಿದೆ ಎಂದು ನೋಡಿ. ಕಂಪನಿ ಅದನ್ನು ಪರೀಕ್ಷಿಸಿರುವುದು 3 ಲಕ್ಷ ಬಾರಿಗೆ. ತೆಗೆದ ಚಿತ್ರದ ಫೈಲಿನಲ್ಲೇ ಈ ಎಣಿಕೆ ಅಡಗಿರುತ್ತದೆ, ಕಂಪ್ಯೂಟರಿನಲ್ಲಿ ಓದಬಹುದು. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಕಾಂಪ್ಯಾಕ್ಟ್‌ಫ್ಲ್ಯಾಶ್ ಕಾರ್ಡು ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿ. ಲೆನ್ಸಿಗೆ ಬೇರೆ ಹಣ ಬೇಕು. ಲೆನ್ಸಿಲ್ಲದೆಯೇ ಕ್ಯಾಮೆರಾ ಒಂದು ಕಿಲೊಗೂ ಹೆಚ್ಚು ತೂಗುತ್ತದೆ. ದಿನವಿಡೀ ಹೊರುವವರು ಒಮ್ಮೆ ಕೈಯಲ್ಲಿ ಹಿಡಿದು ನೋಡಲಿ.

ಇನ್ನೊಂದು ಮಾತು: ಇದರಲ್ಲಿ ವಿಡಿಯೊ ಇಲ್ಲ. ಕೋರ್ಸಿನ ಪಠ್ಯದಲ್ಲಿ ವಿಡಿಯೊ ಕಡ್ಡಾಯವಾಗಿದ್ದರೆ, ಎಷ್ಟೇ ಅಗ್ಗಕ್ಕೆ ಸಿಕ್ಕರೂ ಇದು ಬೇಡ.