ಸೇವೆ ಅಂದರೆ ಸಂಬಳ ಬೇಡವೇ?

ಹೋದ ವರ್ಷ ಬಾಡಿಗೆಗೆ ರೂಮು ಹುಡುಕಿಕೊಂಡು ಹೋಗಿದ್ದೆ. ಮನೆಯೊಡತಿ ಅಜ್ಜಿ ಕೇಳಿದರು, 'ಏನ್ ಕೆಲಸ ಮಾಡ್ತಿಯವಾ?' 'ಸಮಾಜಕಾರ್ಯ ಅಜ್ಜಿ, ಮಕ್ಕಳ ರಕ್ಷಣೆ ಕೆಲಸ' ಅಂದೆ. ಅಜ್ಜಿಗೆ ಖುಷಿಯಾಯಿತು. 'ಭಾಳ ಪುಣ್ಯೇದ ಕೆಲಸ ಬಿಡವಾ' ಅಂದವರು, ಸ್ವಲ್ಪ ತಡೆದು, 'ಅದಿರ್ಲಿ, ಹೊಟ್ಟಿಪಾಡಿಗೆ ಏನ್ ಮಾಡ್ತಿ?' ಎಂದರು.

ಆಗ ನಕ್ಕುಬಿಟ್ಟೆ. ಆದರೆ ಆ ಪ್ರಶ್ನೆಗೆ ಇವತ್ತಿಗೂ ನನ್ನ ಹತ್ತಿರ ಸರಿಯಾದ ಉತ್ತರವಿಲ್ಲ.

ನಾನು ಓದಿದ್ದು ಎಂಎಸ್‌ಡಬ್ಲ್ಯು. ಎರಡು ವರ್ಷದ ಸ್ನಾತಕೋತ್ತರ ಪದವಿ. ತರಗತಿಯ ಜೊತೆಗೆ ವಾರಕ್ಕೆ ಎರಡು ದಿನ ಕ್ಷೇತ್ರಕಾರ್ಯ, ಅದರ ವರದಿ, ಕೊನೆಗೆ ಒಂದು ತಿಂಗಳು ಸಂಸ್ಥೆಯೊಂದರಲ್ಲಿ ಪೂರ್ಣಾವಧಿ ತರಬೇತಿ. ಇದೇನೂ ನಿನ್ನೆ ಮೊನ್ನೆ ಶುರುವಾದ ಓದಲ್ಲ. ಇಂದು ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಎನಿಸಿಕೊಂಡಿರುವ ಮುಂಬೈನ ಶಾಲೆ ಆರಂಭವಾದದ್ದು 1936ರಲ್ಲಿ. ನಮ್ಮ ಮಂಗಳೂರಿನ ರೋಶನಿ ನಿಲಯ ಆರಂಭವಾದದ್ದು 1960ರಲ್ಲಿ. ಆದರೂ ಜನರ ಬಾಯಲ್ಲಿ ಇದು ಇನ್ನೂ 'ಸಮಾಜಸೇವೆ'. ಸೇವೆ ಎಂಬ ಪದ ಅಂಟಿಕೊಂಡ ಕೂಡಲೇ ಸಂಬಳದ ಮಾತೆತ್ತುವವರು ಆಸೆಬುರುಕರಾಗಿ ಕಾಣುತ್ತಾರೆ. ನಮಗೆ ಕೊಡುವುದನ್ನು ಸಂಬಳ ಎಂದು ಬರೆಯುವುದೂ ಇಲ್ಲ, 'ಗೌರವಧನ' ಎನ್ನುತ್ತಾರೆ.

ಸಂಕೋಚ ಬಿಟ್ಟು ಲೆಕ್ಕ ಹೇಳುತ್ತೇನೆ. ಉತ್ತರ ಕರ್ನಾಟಕದ ಒಂದು ಜಿಲ್ಲೆಯ ಸ್ವಯಂಸೇವಾ ಸಂಸ್ಥೆಗೆ 13,000 ರೂಪಾಯಿಗೆ ಸೇರಿದೆ. ಈಗ ಐದನೇ ವರ್ಷ, 16,500. ಬಾಡಿಗೆ 4,000, ಊಟ ತಿಂಡಿಗೆ 4,500, ಊರಿಗೆ ಅಮ್ಮನಿಗೆ 3,000. ಹಳ್ಳಿ ಸುತ್ತುವುದು ನನ್ನದೇ ಸ್ಕೂಟಿಯಲ್ಲಿ. ಪೆಟ್ರೋಲ್ ಬಿಲ್ಲಿನ ಹಣ ಬರುವುದು ಮೂರು ತಿಂಗಳಾದ ಮೇಲೆ, ಅದೂ 'ಫಂಡ್ ಬಂದರೆ'. ಕರಾರು 11 ತಿಂಗಳದ್ದು. ಮುಗಿದ ಮೇಲೆ ಒಂದು ದಿನ ಬಿಡುವು, ಮತ್ತೆ ಹೊಸ ಕರಾರು. ಪಿಎಫ್ ಇಲ್ಲ. ಹೆರಿಗೆ ರಜೆ ಕೇಳಿದ ಸಹೋದ್ಯೋಗಿಯೊಬ್ಬರ ಕರಾರು ನವೀಕರಣವಾಗಲೇ ಇಲ್ಲ.

ಕೆಲಸಕ್ಕೆ ಮಾತ್ರ ಹೊತ್ತು ಗೊತ್ತು ಇಲ್ಲ. ಬಸವ ಜಯಂತಿ, ಅಕ್ಷಯ ತೃತೀಯದ ಹೊತ್ತಿಗೆ ಬಾಲ್ಯವಿವಾಹದ ಸುದ್ದಿ ಹೊತ್ತ ಕರೆಗಳು 1098ಕ್ಕೆ ಬರುತ್ತಲೇ ಇರುತ್ತವೆ. ಬೆಳಗಿನ ಜಾವ ಮುಹೂರ್ತವಿದ್ದರೆ ರಾತ್ರಿಯೇ ಹೊರಡಬೇಕು. ಪೊಲೀಸರು, ಪಿಡಿಒ, ಅಂಗನವಾಡಿ ಮೇಲ್ವಿಚಾರಕಿ ಬರುವವರೆಗೆ ಚಪ್ಪರದ ಮುಂದೆ ನಿಂತು ಬೈಸಿಕೊಳ್ಳುವವರು ನಾವು. ಮರುದಿನ ಹತ್ತು ಗಂಟೆಗೆ ಕಚೇರಿಯಲ್ಲಿ ಸಹಿ ಹಾಕಲೇಬೇಕು.

ಒಂದು ದಿನ ಹಳ್ಳಿಯ ಹೆಂಗಸರಿಗೆ ಉದ್ಯೋಗ ಖಾತರಿ ಯೋಜನೆಯ ಕುರಿತು ತರಬೇತಿ ಇತ್ತು. 'ಮಾಡಿದ ಕೆಲಸಕ್ಕೆ 15 ದಿನದೊಳಗೆ ಕೂಲಿ ಪಡೆಯುವುದು ನಿಮ್ಮ ಹಕ್ಕು' ಎಂದು ಜೋರಾಗಿ ಹೇಳಿಕೊಟ್ಟೆ. ಅವತ್ತಿಗೆ ನನಗೆ ಎರಡು ತಿಂಗಳ ಸಂಬಳ ಬಂದಿರಲಿಲ್ಲ.

ನಾನು ಸೇರಿದಾಗ ತಂಡದಲ್ಲಿ ಒಂಬತ್ತು ಜನರಿದ್ದೆವು. ಅವರಲ್ಲಿ ಈಗ ಉಳಿದವರು ಇಬ್ಬರು. ಒಬ್ಬಳು ಬಿ.ಇಡಿ ಸೇರಿದಳು. ಇನ್ನೊಬ್ಬಳು ಮೈಕ್ರೋ ಫೈನಾನ್ಸ್ ಕಂಪನಿಯಲ್ಲಿದ್ದಾಳೆ. ತಾನೇ ಸ್ವಸಹಾಯ ಸಂಘ ಕಟ್ಟಿಸಿದ ಹಳ್ಳಿಗಳಿಗೆ ಈಗ ಸಾಲದ ಕಂತು ವಸೂಲಿಗೆ ಹೋಗುತ್ತಾಳೆ. ಅವಳನ್ನು ನಾನು ದೂರುವುದಿಲ್ಲ. ಅವಳಿಗೂ ಮನೆ ಇದೆ.

ಆದರೆ ಅವಳು ಬಿಟ್ಟು ಹೋದ ಕಡತಗಳಲ್ಲಿ ಒಬ್ಬ ಹುಡುಗಿಯದೂ ಇತ್ತು. ಗುರುತು ಸಿಗಬಾರದೆಂದು ವಿವರ ಹೇಳುವುದಿಲ್ಲ. ಮದುವೆ ನಿಲ್ಲಿಸುವುದು ಒಂದು ರಾತ್ರಿಯ ಕೆಲಸ. ಆ ಹುಡುಗಿ ಮತ್ತೆ ಶಾಲೆಗೆ ಹೋಗುವಂತೆ, ಬೇರೆ ಊರಲ್ಲಿ ಗುಟ್ಟಾಗಿ ತಾಳಿ ಕಟ್ಟದಂತೆ ನೋಡಿಕೊಳ್ಳುವುದು ವರ್ಷಗಳ ಕೆಲಸ. ನನ್ನ ಗೆಳತಿ ಆರು ಸಲ ಅವರ ಮನೆಗೆ ಹೋದ ಮೇಲಷ್ಟೇ ಆ ಹುಡುಗಿ ಬಾಯಿಬಿಟ್ಟಿದ್ದಳಂತೆ. ಏಳನೇ ಸಲ ಹೋದವಳು ನಾನು. ಅವಳು ನನ್ನ ಮುಖವನ್ನೇ ನೋಡಿ, 'ಆ ಅಕ್ಕಗ ಎಲ್ಲಾ ಹೇಳೀನಲ್ರಿ, ಮತ್ತ ಮೊದಲಿಂದ ಹೇಳ್ಬೇಕೇನ್ರಿ?' ಎಂದಳು.

ನಮ್ಮ ಸಂಬಳದ ಪ್ರಶ್ನೆ ನಮ್ಮೊಬ್ಬರದೇ ಅಲ್ಲ ಎಂದು ನಾನು ಹೇಳುವುದು ಇದಕ್ಕೇ. ಕೆಲಸ ಬಿಟ್ಟವರಿಗೆ ಬೇರೆ ಕೆಲಸ ಸಿಗುತ್ತದೆ. ನಷ್ಟ ಆಗುವುದು, ನಂಬಿ ಒಮ್ಮೆ ಬಾಯಿಬಿಟ್ಟ ಮಗುವಿಗೆ.

ಸಂಸ್ಥೆಯ ಮುಖ್ಯಸ್ಥರನ್ನು ಕೇಳಿದರೆ, 'ನಮಗೇ ಹಣ ಬರುತ್ತಿಲ್ಲಮ್ಮ' ಎನ್ನುತ್ತಾರೆ. ಅದು ಪೂರ್ತಿ ಸುಳ್ಳಲ್ಲ. ವಿದೇಶಿ ದೇಣಿಗೆಯಲ್ಲಿ ಆಡಳಿತಕ್ಕೆ ಖರ್ಚು ಮಾಡಬಹುದಾದ ಪಾಲಿನ ಮಿತಿಯನ್ನು 2020ರ ಕಾಯ್ದೆ ತಿದ್ದುಪಡಿ ಶೇ 50ರಿಂದ ಶೇ 20ಕ್ಕೆ ಇಳಿಸಿತು. ದೇಣಿಗೆ ದುರ್ಬಳಕೆ ತಡೆಯಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಹಣ ಕೊಡುವ ಕಂಪನಿಗಳೂ 'ಎಷ್ಟು ಮಕ್ಕಳನ್ನು ತಲುಪಿದಿರಿ' ಎಂದು ಕೇಳುತ್ತವೆಯೇ ಹೊರತು, ತಲುಪಿದವರಿಗೆ ಎಷ್ಟು ಕೊಟ್ಟಿರಿ ಎಂದು ಕೇಳುವುದಿಲ್ಲ. ಶಾಲಾ ಕಟ್ಟಡ ಕಟ್ಟಿಸುವಾಗ ಸಿಮೆಂಟಿನ ಹಣವನ್ನು ಯಾರೂ ದಂಡದ ಖರ್ಚು ಎನ್ನುವುದಿಲ್ಲ. ನಮ್ಮ ಕೆಲಸದಲ್ಲಿ ಸಿಮೆಂಟು, ಇಟ್ಟಿಗೆ ಎಲ್ಲವೂ ಮನುಷ್ಯರೇ.

2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲೇ ಧರಣಿ ಕೂತರು. ಸರ್ಕಾರ ಅವರನ್ನು ಮಾತಿಗೆ ಕರೆಯಲೇಬೇಕಾಯಿತು. ಐದಾರು ಜನರ ಸಣ್ಣ ಸಣ್ಣ ಕಚೇರಿಗಳಲ್ಲಿ ಹಂಚಿಹೋಗಿರುವ ನಮಗೆ ಅಂಥ ಬಲವಿಲ್ಲ. ವಕೀಲರಿಗೆ, ದಾದಿಯರಿಗೆ ಇರುವಂತೆ ಇಡೀ ಸಮಾಜಕಾರ್ಯ ವೃತ್ತಿಗೆ ಒಂದು ಶಾಸನಬದ್ಧ ಪರಿಷತ್ತೂ ಇಲ್ಲ. ಹಾಗಾಗಿ ಎಂಎಸ್‌ಡಬ್ಲ್ಯು ಓದಿದವರಿಗೆ ಕನಿಷ್ಠ ಇಷ್ಟು ಕೊಡಬೇಕೆಂದು ಹೇಳುವವರೇ ಇಲ್ಲ.

ನಾವು ಕೇಳುವುದು ದೊಡ್ಡದೇನಲ್ಲ. ಯೋಜನೆಗೆ ಹಣ ಕೊಡುವವರು ಕ್ಷೇತ್ರದಲ್ಲಿ ದುಡಿಯುವವರ ವೇತನ, ಪಿಎಫ್, ಪ್ರಯಾಣದ ಖರ್ಚನ್ನು ಯೋಜನೆಯ ಅಸಲು ಖರ್ಚು ಎಂದೇ ಬರೆಯಲಿ. ಸರ್ಕಾರ ತನ್ನ ಯೋಜನೆಗಳ ಗುತ್ತಿಗೆ ಸಿಬ್ಬಂದಿಗೆ ತಿಂಗಳು ತಿಂಗಳು ಸಂಬಳ ಕೊಡಲಿ. ಎಂಎಸ್‌ಡಬ್ಲ್ಯು ಕಲಿಸುವ ವಿಭಾಗಗಳು ಸೇವಾ ಮನೋಭಾವದ ಜೊತೆಗೆ ಕರಾರುಪತ್ರ ಓದುವುದನ್ನೂ ಕಲಿಸಲಿ. ಓದುವ ಗೆಳೆಯರೇ, ಮೊದಲ ಸಂದರ್ಶನದಲ್ಲಿ ಸಂಬಳ ಎಷ್ಟೆಂದು ಕೇಳಲು ನಾಚಬೇಡಿ. ನಾನು ಕೇಳಿರಲಿಲ್ಲ.

ನನ್ನ ತರಗತಿಯಲ್ಲಿ ಮಾನವ ಸಂಪನ್ಮೂಲ ವಿಷಯ ಆಯ್ದುಕೊಂಡ ಗೆಳತಿ ಈಗ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿದ್ದಾಳೆ. ಅಲ್ಲೇ ನನಗೂ ಒಂದು ಕೆಲಸ ನೋಡಿದ್ದಾಳೆ. 26,000 ಸಂಬಳ, ಪಿಎಫ್, ಭಾನುವಾರ ರಜೆ. ತಿಂಗಳ ಕೊನೆಯೊಳಗೆ ಹೇಳಬೇಕು. 'ಹೋಗು, ಎಷ್ಟು ವರ್ಷ ಹಿಂಗ ಇರ್ತಿ?' ಎನ್ನುತ್ತಾಳೆ ಅಮ್ಮ. ಅವಳ ಮಾತು ತಪ್ಪು ಎನ್ನಲು ನನಗೆ ಬಾಯಿಲ್ಲ.

ನಾನು ಹೋದರೆ ನನ್ನ ಜಾಗಕ್ಕೆ ಇನ್ಯಾರೋ 13,000ಕ್ಕೆ ಬರುತ್ತಾರೆ. ಆ ಹುಡುಗಿ ಈಗ ಒಂಬತ್ತನೇ ತರಗತಿಯಲ್ಲಿದ್ದಾಳೆ. ಅವಳು ಮೂರನೇ ಸಲ ಎಲ್ಲವನ್ನೂ ಮೊದಲಿಂದ ಹೇಳಬೇಕಾಗುತ್ತದೆ.