ಕೊಳಗ ಯಾರ ಕೈಯಲ್ಲಿ?

2025ರ ಆಗಸ್ಟ್ ತಿಂಗಳ ಮೊದಲ ವಾರದಲ್ಲಿ ಬೆಂಗಳೂರು ಎಫ್.ಸಿ. ಎಂಬ ಫುಟ್‌ಬಾಲ್ ಕ್ಲಬ್ಬು ಒಂದು ಪ್ರಕಟಣೆ ಹೊರಡಿಸಿತು. ಪ್ರಥಮ ತಂಡದ ಆಟಗಾರರ ಮತ್ತು ಆ ತಂಡಕ್ಕೆ ಸೇರಿದ ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯಲಾಗಿದೆ ಎಂಬುದು ಅದರ ಸಾರ. ದೇಶದ ದೊಡ್ಡ ಲೀಗು ನಡೆಯುವುದೋ ಇಲ್ಲವೋ ಗೊತ್ತಿಲ್ಲದಿರುವಾಗ ಬೇರೆ ದಾರಿಯಿಲ್ಲವೆಂದು ಆಡಳಿತದವರು ಕಾರಣ ಕೊಟ್ಟರು. ಎಳೆಯರ ತಂಡಗಳಿಗೂ ಹೆಣ್ಣುಮಕ್ಕಳ ತಂಡಕ್ಕೂ ಇದು ತಟ್ಟುವುದಿಲ್ಲವೆಂದೂ ಹೇಳಿದರು. ಅದೇ ದಿನಗಳಲ್ಲಿ ಚೆನ್ನೈ ಮತ್ತು ಒಡಿಶಾದ ಕ್ಲಬ್ಬುಗಳಿಂದಲೂ ಅಂಥದೇ ಸುದ್ದಿ ಬಂದಿತು.

ಗಿರಣಿಯಲ್ಲಿ ದುಡಿದವನಿಗೆ ಈ ಭಾಷೆ ಹೊಸದಲ್ಲ. ಬಾಗಿಲಿಗೆ ಬೀಗ ಹಾಕಿ, ಪಕ್ಕದ ಗೋಡೆಗೆ 'ಮುಂದಿನ ಆದೇಶದವರೆಗೆ' ಎಂದು ಬರೆದ ಕಾಗದ ಅಂಟಿಸುವವರ ಭಾಷೆಯೇ ಇದು. ವ್ಯತ್ಯಾಸವೆಂದರೆ, ಗಿರಣಿಯ ಬಾಗಿಲಲ್ಲಿ ಕೂಲಿಗಾರನೊಬ್ಬನೇ ನಿಲ್ಲುತ್ತಾನೆ. ಫುಟ್‌ಬಾಲ್ ಕ್ಲಬ್ಬಿನ ಬಾಗಿಲಲ್ಲಿ ಅವನ ಹಿಂದೆ ಸಾವಿರಾರು ಅಭಿಮಾನಿಗಳೂ ನಿಂತಿರುತ್ತಾರೆ. ಆದರೆ ಒಳಗಿನವರು ಇಬ್ಬರನ್ನೂ ಒಂದು ಮಾತು ಕೇಳುವುದಿಲ್ಲ.

ನಡೆದ ಸಂಗತಿಯನ್ನು ಮೊದಲು ತಿಳಿದುಕೊಳ್ಳುವುದು ಅಗತ್ಯ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನು 2010ರಲ್ಲಿ ಆಟದ ವಾಣಿಜ್ಯ ಹಕ್ಕುಗಳನ್ನು 15 ವರ್ಷದ ಅವಧಿಗೆ 700 ಕೋಟಿ ರೂಪಾಯಿಗೆ ರಿಲಯನ್ಸ್ ಪಾಲುದಾರಿಕೆಯ ಕಂಪನಿಗೆ ಬರೆದುಕೊಟ್ಟಿತು. ಆ ಕರಾರು 2025ರ ಡಿಸೆಂಬರಿಗೆ ಮುಗಿಯುವುದೆಂಬುದು ರುಜು ಹಾಕಿದ ದಿನವೇ ಗೊತ್ತಿತ್ತು. ಆದರೂ ಮುಂದೇನೆಂಬುದನ್ನು ಯಾರೂ ಗೊತ್ತುಮಾಡಲಿಲ್ಲ. 2025ರ ಜುಲೈಯಲ್ಲಿ ಲೀಗನ್ನು ತಡೆಹಿಡಿದರು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಹಕ್ಕುಗಳಿಗೆ ಹೊಸದಾಗಿ ಟೆಂಡರು ಕರೆದರೆ ನವೆಂಬರಿನ ಗಡುವಿನೊಳಗೆ ಒಬ್ಬನೂ ಮುಂದೆ ಬರಲಿಲ್ಲ. ಕಡೆಗೆ 2026ರ ಜನವರಿಯಲ್ಲಿ ಕೇಂದ್ರದ ಕ್ರೀಡಾ ಸಚಿವರೇ ಫೆಬ್ರವರಿ 14ರಿಂದ ಲೀಗು ನಡೆಯುವುದೆಂದು ಸಾರಬೇಕಾಯಿತು. ತಪ್ಪು ನಡೆದದ್ದು ಮೇಲಿನ ಕೋಣೆಗಳಲ್ಲಿ. ಅದರ ಮೊದಲ ಏಟು ಬಿದ್ದದ್ದು ಕೆಳಗೆ ದುಡಿಯುವವನ ಸಂಬಳದ ಮೇಲೆ.

ಬೆಂಗಳೂರಿನ ಕ್ಲಬ್ಬಿನ ತಾಪತ್ರಯ ಈ ಜಿಲ್ಲೆಯವರಿಗೆ ಏಕೆ ಎಂದು ಕೆಲವರು ಕೇಳಬಹುದು. ಉತ್ತರ ಲಿಂಗನಮಕ್ಕಿಯಲ್ಲಿದೆ. 1964ರಲ್ಲಿ ಶರಾವತಿಗೆ ಆ ಅಣೆಕಟ್ಟು ನಿಂತಾಗ ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳು, ಗದ್ದೆಗಳು, ಅಡಿಕೆ ತೋಟಗಳು ಮುಳುಗಿದವು. ಅಲ್ಲಿಂದ ಹೋದ ವಿದ್ಯುತ್ತು ಬೆಂಗಳೂರಿನ ಕಾರ್ಖಾನೆಗಳ ಚಕ್ರ ತಿರುಗಿಸಿತು. ಆ ಕಾರ್ಖಾನೆಗಳ ನೆರಳಿನಲ್ಲಿಯೇ ರಾಜಧಾನಿಯ ಫುಟ್‌ಬಾಲ್ ಬೆಳೆಯಿತು. ನೀರು ಕೊಟ್ಟವರು, ನೆಲ ಕೊಟ್ಟವರು ಮುಳುಗಡೆಯ ಜನ. ಅರುವತ್ತು ವರ್ಷ ಕಳೆದರೂ ಅವರಲ್ಲಿ ಅನೇಕರು ತಾವು ಕೂತ ನೆಲದ ಹಕ್ಕುಪತ್ರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದಾರೆ. ಕೊಟ್ಟವನಿಗೆ ಒಡೆತನದಲ್ಲಿ ಪಾಲಿಲ್ಲ ಎಂಬ ನ್ಯಾಯ ಎಂಥದೆಂಬುದು ಈ ನೀರಿನ ದಡದಲ್ಲಿರುವವರಿಗೆ ತಿಳಿದಷ್ಟು ಇನ್ನಾರಿಗೂ ತಿಳಿಯಲಾರದು.

ಇನ್ನೊಂದು ಉತ್ತರ ಕಾಗೋಡಿನಲ್ಲಿದೆ. 1951ರಲ್ಲಿ ಅಲ್ಲಿಯ ಗೇಣಿದಾರರ ಹೋರಾಟ ಹೊತ್ತಿಕೊಂಡದ್ದು ಒಂದು ಕೊಳಗದ ಮೇಲೆ. ಗೇಣಿಯ ಭತ್ತ ಅಳೆಯುವ ಕೊಳಗ ಧಣಿಯ ಮನೆಯದು. ಅದು ಹಿಡಿಯಬೇಕಾದ್ದಕ್ಕಿಂತ ಹೆಚ್ಚು ಹಿಡಿಯುತ್ತಿತ್ತು. ಗಣಪತಿಯಪ್ಪನವರೂ ಶಾಂತವೇರಿ ಗೋಪಾಲಗೌಡರೂ ರೈತರೊಡನೆ ನಿಂತರು. ಡಾ. ಲೋಹಿಯಾ ಬಂದು ಸಾಗರದಲ್ಲಿ ಸೆರೆಯಾದರು. ಅಳತೆ ಸರಿಯಿರಲಿ ಎಂದು ಆರಂಭವಾದ ಕೂಗು ಉಳುವವನೇ ಹೊಲದೊಡೆಯನಾಗಲಿ ಎಂಬಲ್ಲಿಗೆ ಮುಟ್ಟಿತು. 1974ರಲ್ಲಿ ಕಾನೂನೂ ಆಯಿತು. ಇದರಲ್ಲಿ ಒಂದು ಪಾಠವಿದೆ. ಒಡೆತನದ ಪ್ರಶ್ನೆ ಮೊದಲು ಲೆಕ್ಕದ ಪ್ರಶ್ನೆಯಾಗಿಯೇ ಹುಟ್ಟುತ್ತದೆ. ಅಳೆಯುವ ಕೊಳಗ ಒಬ್ಬನ ಕೈಯಲ್ಲೇ ಇರುವವರೆಗೆ ದುಡಿದವನ ಪಾಲು ಎಷ್ಟೆಂಬುದು ಯಾರಿಗೂ ತಿಳಿಯುವುದಿಲ್ಲ.

ಈಗ ಫುಟ್‌ಬಾಲಿಗೆ ಬರೋಣ. ಕನ್ನಡನಾಡಿನಲ್ಲಿ ಈ ಆಟ ಬಡವರ ಕೇರಿಗಳಲ್ಲಿ ಬೆಳೆದದ್ದು. ಬೆಂಗಳೂರಿನ ಗೌತಮಪುರ, ಆಸ್ಟಿನ್ ಟೌನುಗಳ ಹುಡುಗರು ಬರಿಗಾಲಿನಲ್ಲಿ ಕಲಿತ ಆಟ ಅದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಮೈಸೂರು ತಂಡ 1946-47, 1952-53, 1967-68, 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತು. ಆಮೇಲೆ ಅದನ್ನು ಮತ್ತೆ ನಾಡಿಗೆ ತರಲು 2023ರವರೆಗೆ ಕಾಯಬೇಕಾಯಿತು. ಎಚ್.ಎ.ಎಲ್., ಐ.ಟಿ.ಐ. ಮುಂತಾದ ಸರ್ಕಾರಿ ಕಾರ್ಖಾನೆಗಳು ಆಟಗಾರನಿಗೆ ನೌಕರಿ ಕೊಟ್ಟು ತಂಡ ಕಟ್ಟಿದವು. ಹಗಲು ಯಂತ್ರದ ಮುಂದೆ, ಸಂಜೆ ಮೈದಾನದಲ್ಲಿ. ಆಟ ಮುಗಿದ ಮೇಲೂ ಸಂಬಳ, ಪಿಂಚಣಿ ಉಂಟು. ಅದು ಒಳ್ಳೆಯ ಏರ್ಪಾಡೆಂಬುದರಲ್ಲಿ ಅನುಮಾನವಿಲ್ಲ.

ಆದರೆ ಅಲ್ಲಿಯೂ ಕೊಳಗ ದುಡಿಯುವವನ ಕೈಗೆ ಬರಲಿಲ್ಲ. ತಂಡ ಇರಬೇಕೋ ಬೇಡವೋ ಎಂಬುದು ಮ್ಯಾನೇಜರನ ಮರ್ಜಿಗೆ ಸೇರಿತ್ತು. ಕಾರ್ಖಾನೆಗೆ ಕೆಟ್ಟ ಕಾಲ ಬಂದಾಗ ಮೊದಲು ಕತ್ತರಿ ಬೀಳುತ್ತಿದ್ದುದು ಆಟದ ಖರ್ಚಿಗೆ. ದೇಶದ ಐ-ಲೀಗಿನಲ್ಲಿ ಆಡುತ್ತಿದ್ದ ಎಚ್.ಎ.ಎಲ್. ತಂಡ 2012ರಲ್ಲಿ ಕೆಳಗಿಳಿಯಿತು, ಮತ್ತೆ ಮೇಲೇರಲಿಲ್ಲ. ಖಾಸಗಿ ಗಿರಣಿಗಳ ಕಥೆ ಇನ್ನೂ ನೇರ. ಪಂಜಾಬಿನ ಫಗ್ವಾಡಾದ ಜೆ.ಸಿ.ಟಿ. ಬಟ್ಟೆ ಗಿರಣಿಯ ತಂಡ 1996-97ರಲ್ಲಿ ನಡೆದ ಮೊದಲ ರಾಷ್ಟ್ರೀಯ ಲೀಗನ್ನೇ ಗೆದ್ದ ತಂಡ. 2011ರಲ್ಲಿ, ಈ ಆಟದಿಂದ ಕಂಪನಿಗೆ ಸಾಕಷ್ಟು ಪ್ರಚಾರ ಸಿಗುತ್ತಿಲ್ಲವೆಂದು ಮಾಲೀಕರು ತಂಡವನ್ನೇ ವಿಸರ್ಜಿಸಿದರು. ನಲವತ್ತು ವರ್ಷದ ಶ್ರಮ ಒಂದು ಪತ್ರದಲ್ಲಿ ಮುಗಿಯಿತು. ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆಯ ಯಂತ್ರ ನಿಂತದ್ದನ್ನೂ, 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆ ಮುಚ್ಚುವ ತೀರ್ಮಾನ ಹೊರಬಿದ್ದದ್ದನ್ನೂ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊಸ ಕಾಲದ ಕ್ಲಬ್ಬು ಬೇರೆ ತರದ್ದು. ಬೆಂಗಳೂರು ಎಫ್.ಸಿ.ಯನ್ನು 2013ರಲ್ಲಿ ಸ್ಥಾಪಿಸಿದವರು ಜೆ.ಎಸ್.ಡಬ್ಲ್ಯು. ಸಮೂಹದವರು, ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ಉಕ್ಕು ಮಾಡುವವರೂ ಅವರೇ. ನ್ಯಾಯವಾಗಿ ಹೇಳುವುದಾದರೆ ಅವರು ಹಣ ಸುರಿದರು, ಶಿಸ್ತಿನಿಂದ ನಡೆಸಿದರು. ತಂಡ ಮೊದಲ ವರ್ಷವೇ ಐ-ಲೀಗು ಗೆದ್ದಿತು, 2016ರಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯಕ್ಕೆ ಹೋದ ಮೊದಲ ಭಾರತೀಯ ಕ್ಲಬ್ಬಾಯಿತು. ಆದರೆ ಆ ಹೆಸರನ್ನು ಹಣ ಒಂದೇ ಗಳಿಸಲಿಲ್ಲ. ಕ್ರೀಡಾಂಗಣದ ಪಶ್ಚಿಮ ಭಾಗದಲ್ಲಿ ನಿಂತು ತೊಂಬತ್ತು ನಿಮಿಷ ಗಂಟಲು ಹರಿದುಕೊಳ್ಳುವ 'ವೆಸ್ಟ್ ಬ್ಲಾಕ್ ಬ್ಲೂಸ್' ಹುಡುಗರು ಗಳಿಸಿದರು. ಸರ್ಕಾರದ ಸೊತ್ತಾದ ಕಂಠೀರವ ಕ್ರೀಡಾಂಗಣ ಗಳಿಸಿಕೊಟ್ಟಿತು. 2019ರಲ್ಲಿ ಅದೇ ಕ್ರೀಡಾಂಗಣದ ತಕರಾರೆದ್ದಾಗ ತಂಡ ತನ್ನ ತವರಿನ ಪಂದ್ಯಗಳನ್ನು ಪುಣೆಯಲ್ಲಿ ಆಡುವುದೆಂಬ ಸುದ್ದಿ ಹೊರಟಿತು. ಕೊನೆಗೆ ಹಾಗಾಗಲಿಲ್ಲ, ಅದು ಪುಣ್ಯ. ಆದರೆ ಬೆಂಗಳೂರಿನ ಹೆಸರು ಹೊತ್ತ ತಂಡ ಬೆಂಗಳೂರಿನಲ್ಲಿರಬೇಕೋ ಬೇಡವೋ ಎಂಬ ಮಾತು ನಡೆದಾಗ ಬೆಂಗಳೂರಿನ ಅಭಿಮಾನಿಗೆ ವೋಟಿರಲಿಲ್ಲ. 2025ರಲ್ಲಿ ಸಂಬಳ ನಿಂತಾಗಲೂ ಇರಲಿಲ್ಲ.

ನಿರಂಕುಶ ಒಡೆತನ ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ ಇಂಗ್ಲೆಂಡಿನ ಬರಿ ಎಂಬ ಊರು ಸಾಕ್ಷಿ. ಅದು ಲಂಕಾಷೈರಿನ ಹತ್ತಿ ಗಿರಣಿಗಳ ಊರು. ಅಲ್ಲಿಯ ಕ್ಲಬ್ಬು 1885ರಲ್ಲಿ ಹುಟ್ಟಿದ್ದು. ಎರಡು ಬಾರಿ, 1900 ಮತ್ತು 1903ರಲ್ಲಿ, ದೇಶದ ದೊಡ್ಡ ಕಪ್ಪನ್ನು ಗೆದ್ದದ್ದು. 2018ರ ಡಿಸೆಂಬರಿನಲ್ಲಿ ಆ ಕ್ಲಬ್ಬನ್ನು ಒಬ್ಬ ವ್ಯಾಪಾರಿ ಒಂದು ಪೌಂಡಿಗೆ ಕೊಂಡ. ಅದಕ್ಕೆ ಮೊದಲೇ ಮೈದಾನ ಅಡವು ಬಿದ್ದಿತ್ತು. ಕೆಲವೇ ತಿಂಗಳಲ್ಲಿ ಆಟಗಾರರ ಸಂಬಳ ನಿಂತಿತು. ಹೊರಗಿನ ಬಾಕಿದಾರರಿಗೆ ರೂಪಾಯಿಗೆ ನಾಲ್ಕಾಣೆಯ ಲೆಕ್ಕದಲ್ಲಿ ತೀರಿಸುವ ಏರ್ಪಾಡು ಮಾಡಿಕೊಂಡರು. ಸಾಮಾನು ಒದಗಿಸಿದ ವರ್ತಕ ಹನ್ನೆರಡಾಣೆ ಕಳೆದುಕೊಳ್ಳಬೇಕೆಂದು ಅದರರ್ಥ. 2019ರ ಆಗಸ್ಟ್ 27ರಂದು ಲೀಗು ಆ ಕ್ಲಬ್ಬನ್ನು ಹೊರಹಾಕಿತು. ಆ ದಿನವೂ ಅಭಿಮಾನಿಗಳು, ಪಂದ್ಯ ನಡೆದೀತೆಂಬ ಆಸೆಯಿಂದ, ಪೊರಕೆ ಹಿಡಿದು ಮೈದಾನ ಗುಡಿಸುತ್ತಿದ್ದರು. ಒಡೆಯ ಮುಳುಗಿಸುತ್ತಿದ್ದಾಗ ಗುಡಿಸಲು ಬಂದವರು ಇವರು. ಆ ಕ್ಲಬ್ಬು ನಿಜವಾಗಿ ಯಾರದೆಂಬುದನ್ನು ತೀರ್ಮಾನಿಸಲು ಬೇರೆ ನ್ಯಾಯಾಲಯ ಬೇಕೆ? ಮುಂದೆ 2022ರಲ್ಲಿ ಅಭಿಮಾನಿಗಳ ಸಂಘವೇ, ಸರ್ಕಾರದ ಸಹಾಯವನ್ನೂ ಪಡೆದು, ಮೈದಾನವನ್ನು ಕೊಂಡಿತು. 2023ರಲ್ಲಿ ಸದಸ್ಯರು ವೋಟು ಹಾಕಿ ಒಂದಾದರು. ಈಗ ತಂಡ ಕೆಳಗಿನ ಮೆಟ್ಟಿಲಿನಿಂದ ಆಡುತ್ತ ಬರುತ್ತಿದೆ. ಆದರೆ ಅದು ಊರಿನವರ ತಂಡ.

ಹಣ ಹಾಕಿದವನು ಆಳಬಾರದೆ, ನಷ್ಟ ಹೊರುವವನು ಅವನಲ್ಲವೆ ಎಂದು ವಾದಿಸುವವರುಂಟು. ಹಣ ಹಾಕಿದವನಿಗೆ ಅವನ ಪಾಲು ಸಲ್ಲಲಿ, ತಕರಾರಿಲ್ಲ. ಆದರೆ ಹಣ ಹಾಕಿದವನು ಅವನೊಬ್ಬನೇ ಅಲ್ಲ. ಟಿಕೆಟ್ಟು ಕೊಂಡವನ ಹಣ, ಸಾರ್ವಜನಿಕ ಮೈದಾನದ ಬೆಲೆ, ಆಟಗಾರನ ಹತ್ತು ವರ್ಷದ ಯೌವನ, ಇವನ್ನು ಯಾವ ಖಾತೆಗೆ ಬರೆಯುತ್ತಾರೆ? ನಷ್ಟ ಬಂದಾಗ ಸೇಠನ ಕೈಬಿಟ್ಟು ಹೋಗುವುದು ಅವನ ಹಲವು ವ್ಯವಹಾರಗಳಲ್ಲಿ ಒಂದು. ಅಭಿಮಾನಿಗೆ ಇನ್ನೊಂದು ಕ್ಲಬ್ಬಿಲ್ಲ, ಆಟಗಾರನಿಗೆ ಇನ್ನೊಂದು ಯೌವನವಿಲ್ಲ.

ಜನರಿಗೆ ಪಾಲು ಕೊಟ್ಟರೆ ಆಟ ಕೆಡುತ್ತದೆಂಬುದೂ ಸುಳ್ಳು. ಜರ್ಮನಿಯಲ್ಲಿ 1998ರಿಂದ ಒಂದು ನಿಯಮವಿದೆ: ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕ್ಲಬ್ಬಿನ ವೋಟುಗಳಲ್ಲಿ ಅರ್ಧಕ್ಕಿಂತ ಒಂದಾದರೂ ಹೆಚ್ಚು ಸದಸ್ಯರ ಸಂಘದ ಕೈಯಲ್ಲಿರಬೇಕು. ಅಲ್ಲಿಯ ಆಟವಾಗಲಿ ಗಳಿಕೆಯಾಗಲಿ ಕುಗ್ಗಿಲ್ಲ. ಬರಿಯಂಥ ಊರುಗಳ ಗತಿ ಕಂಡ ಇಂಗ್ಲೆಂಡು 2025ರಲ್ಲಿ ಕಾನೂನು ಮಾಡಿ ಕ್ಲಬ್ಬುಗಳ ಮಾಲೀಕರನ್ನೂ ಲೆಕ್ಕವನ್ನೂ ಪರೀಕ್ಷಿಸುವ ಸ್ವತಂತ್ರ ನಿಯಂತ್ರಕನನ್ನು ನೇಮಿಸಿತು. ಅಷ್ಟು ದೂರವೇಕೆ, ಕಲ್ಕತ್ತೆಯಲ್ಲಿ 2020ರಲ್ಲಿ ಮೋಹನ್ ಬಗಾನಿನ ಹೆಸರಿನ ಮುಂದೆ ಬಂಡವಾಳಗಾರರ ಹಳೆಯ ತಂಡದ ಮೂರಕ್ಷರ ಅಂಟಿಸಿದಾಗ ಅಭಿಮಾನಿಗಳು ಮೂರು ವರ್ಷ ಬಿಡದೆ ಪ್ರತಿಭಟಿಸಿದರು. 2023ರಲ್ಲಿ ಆ ಅಕ್ಷರಗಳು ಹೋದವು. ಒಟ್ಟಾಗಿ ಕೇಳಿದರೆ ಧಣಿಯ ಕಿವಿಗೂ ಕೇಳಿಸುತ್ತದೆ.

ಆದ್ದರಿಂದ ಬೇಡಿಕೆಗಳನ್ನು ಸ್ಪಷ್ಟವಾಗಿ ಮುಂದಿಡಬೇಕಾಗಿದೆ. ಒಂದು, ಸಾರ್ವಜನಿಕ ಮೈದಾನದಲ್ಲಿ ಆಡುವ ಪ್ರತಿಯೊಂದು ಕ್ಲಬ್ಬೂ ವರ್ಷಕ್ಕೊಮ್ಮೆ ತನ್ನ ಜಮಾ-ಖರ್ಚನ್ನು ಅಭಿಮಾನಿಗಳ ಬಹಿರಂಗ ಸಭೆಯಲ್ಲಿಟ್ಟು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಕಂಪನಿ ಕಾಯಿದೆಯಂತೆ ಕಚೇರಿಗೆ ಒಪ್ಪಿಸುವ ಕಾಗದ ಇದಕ್ಕೆ ಬದಲಾಗದು. ಎರಡು, ಆಡಳಿತ ಮಂಡಳಿಯಲ್ಲಿ ಅಭಿಮಾನಿಗಳು ಆರಿಸಿದ ಒಬ್ಬರೂ ಆಟಗಾರರು ಆರಿಸಿದ ಒಬ್ಬರೂ ಇರಬೇಕು. ಮೂರು, ಕ್ಲಬ್ಬಿನ ಹೆಸರು, ಬಣ್ಣ, ಊರು ಇವನ್ನು ಅವರ ಒಪ್ಪಿಗೆಯಿಲ್ಲದೆ ಬದಲಿಸಕೂಡದು. ನಾಲ್ಕು, ಲೀಗಿಗೆ ಸೇರುವಾಗಲೇ ಆರು ತಿಂಗಳ ಸಂಬಳವನ್ನು ಠೇವಣಿಯಿಡಬೇಕು. ಕಷ್ಟ ಬಂದಾಗ ಸಂಬಳ ಮತ್ತು ಸಣ್ಣ ವರ್ತಕರ ಬಾಕಿ ಮೊದಲು ತೀರಬೇಕು. ಇವು ಕ್ರಾಂತಿಯ ಮಾತುಗಳೇನಲ್ಲ. ಕಿರಾಣಿ ಅಂಗಡಿಯವನೂ ತನ್ನ ಆಳಿನ ವಿಷಯದಲ್ಲಿ ಪಾಲಿಸುವ ಮರ್ಯಾದೆ ಇಷ್ಟೇ.

ದೊಡ್ಡ ಕ್ಲಬ್ಬಿನ ಗತಿಯೇ ಹೀಗಾದರೆ ಸಣ್ಣವುಗಳ ಪಾಡೇನು? ನಮ್ಮ ಊರುಗಳಲ್ಲಿ ಫುಟ್‌ಬಾಲಿಗೋ ವಾಲಿಬಾಲಿಗೋ ಕಬಡ್ಡಿಗೋ ಯುವಕ ಸಂಘಗಳಿವೆ. ಪಂದ್ಯಾವಳಿ ಬಂತೆಂದರೆ ಅಂಗಡಿ ಅಂಗಡಿಗೆ ಚಂದಾ ಪುಸ್ತಕ ಬರುತ್ತದೆ. ಎಷ್ಟು ಕೂಡಿತು, ಎಷ್ಟು ಖರ್ಚಾಯಿತು, ಉಳಿದದ್ದೆಲ್ಲಿ ಎಂದು ಚಂದಾ ಕೊಟ್ಟವರಿಗೆ ಹೇಳುವ ಸಂಘಗಳೆಷ್ಟು? ಫ್ಲೆಕ್ಸಿನಲ್ಲಿ ಮುಖ ಹಾಕಿಸಿಕೊಳ್ಳುವ ಪುಢಾರಿಯ ಕೈಗೆ ಸಂಘವನ್ನು ಒಪ್ಪಿಸಿ ಬೆಂಗಳೂರಿನ ಸೇಠನ ಕಡೆ ಬೆರಳು ತೋರಿಸಿದರೆ ನಮ್ಮ ಮಾತಿಗೆ ಬೆಲೆ ಬರಲಾರದು. 1960ರ ಸಂಘಗಳ ನೋಂದಣಿ ಕಾಯಿದೆ ವರ್ಷಕ್ಕೊಂದು ಸಾಮಾನ್ಯ ಸಭೆ ಕರೆದು ಲೆಕ್ಕ ಒಪ್ಪಿಸಬೇಕೆನ್ನುತ್ತದೆ. ಅಷ್ಟನ್ನು ಪಾಲಿಸಿದರೂ ಅರ್ಧ ರೋಗ ಗುಣವಾದೀತು.

ಜನರೇ ಒಡೆಯರಾಗಿ ಸಂಸ್ಥೆ ನಡೆಸುವುದು ಈ ನಾಡಿಗೆ ಹೊಸದೂ ಅಲ್ಲ. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಹಕಾರ ಸಂಘ ಹುಟ್ಟಿತು. ನಮ್ಮ ಅಡಿಕೆ ಬೆಳೆಗಾರರು 1939ರಲ್ಲಿಯೇ ತಮ್ಮ ಮಾರಾಟಕ್ಕೆ ತಮ್ಮದೇ ಸಂಘ ಕಟ್ಟಿಕೊಂಡರು. ಸಾಗರ ತಾಲ್ಲೂಕಿನ ಹೆಗ್ಗೋಡಿನ ಹಳ್ಳಿಗರು 1949ರಲ್ಲಿ ಕಟ್ಟಿದ ನೀನಾಸಂ ಇಂದಿಗೂ ನಿಂತಿದೆ. ಷೇರು ಎಷ್ಟಿದ್ದರೂ ಸದಸ್ಯನಿಗೆ ವೋಟು ಒಂದೇ ಎಂಬ ಸಹಕಾರದ ನಿಯಮ ಅಡಿಕೆಗೆ ಸಲ್ಲುವುದಾದರೆ ಚೆಂಡಿಗೆ ಏಕೆ ಸಲ್ಲಬಾರದು?

ಅಭಿಮಾನಿಗಳು ಚಪ್ಪಾಳೆ ತಟ್ಟುವವರಾಗಿ ಉಳಿಯದೆ ಸದಸ್ಯರಾಗಬೇಕು. ಸಂಘ ಕಟ್ಟಿ, ನೋಂದಾಯಿಸಿ, ಕ್ಲಬ್ಬಿನ ಆಡಳಿತಕ್ಕೆ ಬರವಣಿಗೆಯಲ್ಲಿ ಲೆಕ್ಕ ಕೇಳಬೇಕು. ಮೊದಲ ವರ್ಷ ಉತ್ತರ ಬಾರದಿದ್ದರೆ ಎರಡನೆಯ ವರ್ಷ ಮತ್ತೆ ಕೇಳಬೇಕು. ಕಾಗೋಡಿನ ಕೊಳಗವೂ ಒಂದೇ ದಿನದಲ್ಲಿ ಸರಿಯಾಗಲಿಲ್ಲ.