ಎತ್ತಿಗೆ ಸೋಮವಾರ, ಒಡೆಯನಿಗೆ?

ಮೈಸೂರು ಸೀಮೆಯ ಒಕ್ಕಲು ಮನೆಗಳಲ್ಲಿ ಸೋಮವಾರದ ದಿನ ಎತ್ತಿನ ಹೆಗಲಿಗೆ ನೊಗ ಏರಿಸಬಾರದೆಂಬುದು ತಲೆಮಾರುಗಳಿಂದ ನಡೆದುಬಂದ ಕಟ್ಟಳೆ. ಸೋಮವಾರ ಬಸವನ ವಾರ. ಹೊಲ ಹದಕ್ಕೆ ಬಂದಿರಲಿ, ಮಾರನೆಯ ದಿನ ಹದ ಕೆಡುವ ಭಯವಿರಲಿ, ಆ ದಿನ ನೇಗಿಲು ಗೋಡೆಗೆ ಒರಗಿಯೇ ಇರಬೇಕು. ನೌಕರವರ್ಗದವರು ಭಾನುವಾರದ ಬಿಡುವನ್ನು ತಮ್ಮ ಜನ್ಮಸಿದ್ಧ ಹಕ್ಕೆಂದು ಭಾವಿಸುತ್ತಾರೆ. ಎತ್ತಿನ ಹಕ್ಕು ಅದಕ್ಕಿಂತ ಕಡಿಮೆಯದಲ್ಲ; ಅರ್ಜಿ ಬರೆಯದೆ, ಮೇಲಧಿಕಾರಿಯ ಮುಖ ನೋಡದೆ ಅದು ತನ್ನ ರಜೆಯನ್ನು ಅನುಭವಿಸುತ್ತ ಬಂದಿದೆ. ಇಂದು ಟ್ರಾಕ್ಟರು ಬಂದು ಎತ್ತುಗಳೇ ವಿರಳವಾಗಿವೆಯೆಂಬುದು ಬೇರೆಯ ಮಾತು.

ಆದರೆ ಈ ಕಟ್ಟಳೆಯನ್ನು ಮಾಡಿದ ಹಿರಿಯರು ಒಂದು ಸಂಗತಿಯನ್ನು ಹಾಗೆಯೇ ಬಿಟ್ಟರು. ರಜೆಯ ದಿನವೂ ಎತ್ತಿಗೆ ಹಸಿವಾಗುತ್ತದೆ, ಬಾಯಾರುತ್ತದೆ, ಅದು ಸೆಗಣಿ ಹಾಕುತ್ತದೆ. ಹುಲ್ಲು ಹಿರಿದು ತಂದು ಹಾಕುವವನು, ಕೆರೆಗೆ ಹೊಡೆದುಕೊಂಡು ಹೋಗುವವನು, ಕೊಟ್ಟಿಗೆ ಬಾಚುವವಳು, ಇವರಿಗೆ ಸೋಮವಾರವೂ ಮಂಗಳವಾರವೂ ಒಂದೇ. ಎತ್ತಿಗೆ ಬಿಡುವು ಕೊಟ್ಟ ಒಡೆಯನಿಗೆ ಬಿಡುವು ಕೊಡುವವರು ಯಾರು?

ನಂಜನಗೂಡಿನಿಂದ ಕಪಿಲೆಯ ಜಾಡು ಹಿಡಿದು ಟಿ. ನರಸೀಪುರದವರೆಗೆ ಹೋದರೆ ಈ ಪ್ರಶ್ನೆ ಪ್ರತಿ ಹಳ್ಳಿಯಲ್ಲಿಯೂ ಇದಿರಾಗುತ್ತದೆ. ಒಂದು ಎಕರೆಯೋ ಎರಡು ಎಕರೆಯೋ ಭೂಮಿ, ಮನೆಯ ಪಕ್ಕದಲ್ಲಿ ತಗಡಿನ ಮಾಡಿನ ಕೊಟ್ಟಿಗೆ, ಅದರಲ್ಲಿ ಎರಡು ಸೀಮೆಹಸು, ಒಂದು ಕಡಸು. ಈ ಕಡೆಯ ಬಹುಮಂದಿ ಗೃಹಸ್ಥರ ಐಶ್ವರ್ಯ ಇಷ್ಟೇ. ಬನ್ನೂರಿನ ಕಡೆಯಾದರೆ ಇದರ ಜೊತೆಗೆ ಗಿಡ್ಡ ಕಾಲಿನ, ದುಂಡು ಮೈಯ ಕುರಿಗಳೂ ಎರಡೋ ಮೂರೋ ಇರುತ್ತವೆ. ಮಾಂಸಪ್ರಿಯರ ನಡುವೆ ಆ ಕುರಿಗಳ ಹೆಸರು ಬೆಂಗಳೂರನ್ನೂ ದಾಟಿ ಹೋಗಿದೆ.

ಬೆಳಗಿನ ಜಾವ ನಾಲ್ಕೂವರೆಗೆ ಅಂಥ ಮನೆಯ ದೀಪ ಹೊತ್ತಿಕೊಳ್ಳುತ್ತದೆ. ಸೆಗಣಿ ಬಾಚಿ, ಗಂಜಲ ತೊಳೆದು, ಹಿಂಡಿ ಬೂಸಾ ಕಲಸಿಟ್ಟು, ಕೆಚ್ಚಲು ತೊಳೆದು ಹಾಲು ಕರೆದು, ಕ್ಯಾನು ಹಿಡಿದು ಡೈರಿಯ ಮುಂದೆ ಸಾಲಿನಲ್ಲಿ ನಿಲ್ಲುವ ಹೊತ್ತಿಗೆ ಬೆಳಕು ಹರಿದಿರುತ್ತದೆ. ಮಧ್ಯಾಹ್ನ ಹಸಿಹುಲ್ಲು ಕೊಯ್ದು ತರಬೇಕು. ಕರೆಯುವ ಹಸುವೊಂದು ದಿನಕ್ಕೆ ಸುಮಾರು 50 ಲೀಟರು ನೀರು ಕುಡಿಯುತ್ತದೆ. ಬೋರಿನ ಕರೆಂಟು ಹೋದ ದಿನ ಅದನ್ನು ಕೊಡಗಳಲ್ಲಿ ಹೊರಬೇಕು. ಸಂಜೆ ಮತ್ತೆ ಕರೆಯುವ ಹೊತ್ತು, ಮತ್ತೆ ಡೈರಿ. ವರ್ಷಕ್ಕೆ 365 ದಿನ, ದಿನಕ್ಕೆ ಎರಡು ಹೊತ್ತು, ಒಟ್ಟು 730 ಸಲ. ಯುಗಾದಿಯಂದೂ ಇದೇ, ಮನೆಯಲ್ಲಿ ಸೂತಕವಾದಾಗಲೂ ಇದೇ. ಸಂಕ್ರಾಂತಿಯ ದಿನವಂತೂ ಕೆಲಸ ಇಮ್ಮಡಿ. ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಹಾರ ಕಟ್ಟಿ, ಸಂಜೆಗೆ ಕಿಚ್ಚು ಹಾಯಿಸಬೇಕು. ಹಬ್ಬ ದನದ್ದು, ದಣಿವು ಮನೆಯವರದು.

ಹಸು ಹಾಲು ಬತ್ತಿಸಿದಾಗಲಾದರೂ ಬಿಡುವಿಲ್ಲವೇ ಎಂದು ಪಟ್ಟಣದ ಓದುಗರು ಕೇಳಬಹುದು. ಇದೆ. ಕರು ಹಾಕುವುದಕ್ಕೆ ಸುಮಾರು ಎರಡು ತಿಂಗಳು ಮುಂಚೆ ಹಾಲು ಕರೆಯುವುದನ್ನು ನಿಲ್ಲಿಸುತ್ತಾರೆ. ಒಂದೇ ಹಸುವಿದ್ದ ಕಾಲದಲ್ಲಿ ಹರಕೆ, ನಂಟರ ಮನೆ, ಮದುವೆ, ಮುಂಜಿ ಎಲ್ಲವೂ ಆ ಅರವತ್ತು ದಿನಗಳಿಗೆ ಕಾದಿರುತ್ತಿದ್ದವು. ಆದರೆ ಡೈರಿಗೆ ಹಾಲು ಹಾಕಿ ಸಂಸಾರ ನಡೆಸುವವನಿಗೆ ಎರಡು ತಿಂಗಳು ಕಾಸಿಲ್ಲದೆ ಕೂಡುವುದು ಸಾಧ್ಯವಿಲ್ಲ. ಅದಕ್ಕಾಗಿ ಎರಡನೆಯ ಹಸು ಬಂತು. ಒಂದು ಬತ್ತಿದಾಗ ಇನ್ನೊಂದು ಕರೆಯುತ್ತಿರಬೇಕೆಂಬ ಲೆಕ್ಕಾಚಾರದಲ್ಲಿ ಅವು ಗಬ್ಬವಾಗುವ ಕಾಲವನ್ನು ಹೊಂದಿಸಿಕೊಂಡರು. ಲೆಕ್ಕ ಸರಿಯಾಯಿತು, ಹಣವೂ ನಿಲ್ಲಲಿಲ್ಲ. ನಿಂತದ್ದು ಬಿಡುವು ಮಾತ್ರ. ಬಡತನದಲ್ಲಿ ಇದ್ದ ಎರಡು ತಿಂಗಳ ವಿರಾಮ ಸ್ವಲ್ಪ ಅನುಕೂಲ ಬಂದಾಗ ಇಲ್ಲವಾಯಿತು.

ಪಕ್ಕದ ಮನೆಯವರಿಗೆ ಹೇಳಿ ಹೋಗಬಾರದೇ ಎಂಬುದು ಮುಂದಿನ ಪ್ರಶ್ನೆ. ಹುಲ್ಲು ಹಾಕುವುದಕ್ಕೆ ಯಾರಾದರೂ ಆಗುತ್ತದೆ. ಹಾಲು ಕರೆಯುವುದಕ್ಕೆ ಆಗುವುದಿಲ್ಲ. ಕರು ಬಾಯಿ ಹಾಕಿದಾಗ ಅಥವಾ ಪರಿಚಿತ ಕೈ ಕೆಚ್ಚಲನ್ನು ಮುಟ್ಟಿದಾಗ ಹಸುವಿನ ದೇಹದಲ್ಲಿ ಒಂದು ರಸ ಹುಟ್ಟಿ, ಕೆಲವೇ ನಿಮಿಷಗಳ ಕಾಲ ಹಾಲನ್ನು ಕೆಳಗಿಳಿಸುತ್ತದೆ. ಹೊಸಬರನ್ನು ಕಂಡು ಹಸು ಬೆದರಿದರೆ ಭಯದ ರಸ ಹುಟ್ಟಿ ಮೊದಲಿನದನ್ನು ತಡೆಯುತ್ತದೆ. ಹಾಲು ಒಳಗೇ ಉಳಿಯುತ್ತದೆ. ಹಾಗೆ ಉಳಿದು ಉಳಿದು ಕೆಚ್ಚಲು ಬಾವು ಬಂದರೆ ಮೊಲೆಯೊಂದು ಶಾಶ್ವತವಾಗಿ ಬತ್ತಿಹೋದರೂ ಹೋಯಿತು. ಮನೆಯಾಕೆ ತವರಿಗೆ ಹೋದಾಗ ಗಂಡ ಅವಳ ಸೀರೆಯನ್ನು ಹೊದ್ದುಕೊಂಡು ಕರೆಯಲು ಕುಳಿತನೆಂಬ ಕತೆಯನ್ನು ಹಳ್ಳಿಗಳಲ್ಲಿ ನಗುತ್ತ ಹೇಳುತ್ತಾರೆ. ಕೇಳಿದವರೂ ನಗುತ್ತಾರೆ, ಆದರೆ ನಗುವವರಲ್ಲಿ ಒಬ್ಬಿಬ್ಬರಾದರೂ ಹಾಗೆ ಮಾಡಿದವರಿರುತ್ತಾರೆ.

ಇನ್ನೊಂದು ತೊಡಕಿದೆ. ಹಸು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಬಂದರೆ ಒಂದು ದಿನವೂ ನಿಲ್ಲುವುದಿಲ್ಲ. ಅದನ್ನು ಕಂಡು ಪಶುವೈದ್ಯರಿಗೆ ಹೇಳಿಕಳುಹಿಸುವ ಕಣ್ಣು ಮನೆಯವರದೇ ಆಗಬೇಕು. ಆ ಒಂದು ದಿನ ಒಡೆಯ ಊರಿನಲ್ಲಿಲ್ಲದಿದ್ದರೆ ಮುಂದಿನ ಕರು ಮೂರು ವಾರ ದೂರ ಹೋಯಿತು, ಅಷ್ಟು ದಿನದ ಹಾಲೂ ಹೋಯಿತು. ನಗರದ ಗುಮಾಸ್ತನ ರಜೆಗೆ ಸಂಬಳ ಬರುತ್ತದೆ; ಇವನ ರಜೆಗೆ ದಂಡ ಬೀಳುತ್ತದೆ.

ಹೀಗಿರುವಾಗ ಈ ಸೀಮೆಯ ದನಗಾರರು ತಿರುಗಾಟಕ್ಕೆಂದು ಕಂಡುಕೊಂಡ ಹಳೆಯ ಉಪಾಯವೆಂದರೆ ದನವನ್ನೂ ಜೊತೆಗೆ ಕರೆದೊಯ್ಯುವುದು. ದನಗಳ ಜಾತ್ರೆಗಳು ಹುಟ್ಟಿದ್ದು ವ್ಯಾಪಾರಕ್ಕಾಗಿ, ಸಂದೇಹವಿಲ್ಲ. ಆದರೆ ಅವು ಉಳಿದುಬಂದದ್ದು ವ್ಯಾಪಾರದಿಂದ ಮಾತ್ರವಲ್ಲ. ನಂಜನಗೂಡು ತಾಲ್ಲೂಕಿನ ಸುತ್ತೂರಿನಲ್ಲಿ ಕಪಿಲೆಯ ದಡದ ಮೇಲೆ ಚಳಿಗಾಲದಲ್ಲಿ ಶಿವರಾತ್ರೀಶ್ವರರ ಜಾತ್ರೆ ಸೇರುತ್ತದೆ, ಟಿ. ನರಸೀಪುರ ತಾಲ್ಲೂಕಿನ ಮುಡುಕುತೊರೆಯಲ್ಲಿ ಮಲ್ಲಿಕಾರ್ಜುನನ ಬೆಟ್ಟದ ಬುಡದಲ್ಲಿ ಇನ್ನೊಂದು. ಹಳ್ಳಿಕಾರ್ ಜೋಡಿಗಳನ್ನು ಮಕ್ಕಳಂತೆ ಸಾಕಿದವರು ಅವುಗಳ ಬೆನ್ನಿಗೆ ಬಣ್ಣದ ಜೂಲು ಹೊದಿಸಿ ತಂದು, ಸಾಲಾಗಿ ಕಟ್ಟಿ, ಅಲ್ಲಿಯೇ ಮೂರು ಕಲ್ಲು ಹೂಡಿ ಅಡುಗೆ ಮಾಡಿಕೊಂಡು ದಿನಗಟ್ಟಲೆ ಇರುತ್ತಾರೆ. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮಾತಾಡುತ್ತಾರೆ. ಸಂಜೆ ಕುಸ್ತಿ, ರಾತ್ರಿ ನಾಟಕ. ಎತ್ತು ಮಾರದಿದ್ದರೂ ದುಃಖವಿಲ್ಲ. ಮಾರದೆ ಮನೆಗೆ ಮರಳಿದ ಜೋಡಿಯ ಮುಂದೆ ಎಷ್ಟು ಮಂದಿ ನಿಂತು ನೋಡಿದರು ಎಂಬುದನ್ನು ವರ್ಷವಿಡೀ ಹೇಳಿಕೊಳ್ಳಬಹುದು.

ದನದ ಜೊತೆಗೇ ಅಲೆಯುವ ಬಾಳು ಮೈಸೂರಿಗೆ ಹೊಸದೂ ಅಲ್ಲ. ಚಿಕ್ಕದೇವರಾಜ ಒಡೆಯರು ಬೆಣ್ಣೆ ಚಾವಡಿಯೆಂಬ ಇಲಾಖೆಯನ್ನು ಕಟ್ಟಿದರು. ಟೀಪು ಸುಲ್ತಾನ್ ಅದಕ್ಕೆ ಅಮೃತಮಹಲ್ ಎಂಬ ಹೆಸರಿಟ್ಟ. ಆ ಇಲಾಖೆಯ ಗೊಲ್ಲರು ಋತುವಿಗೆ ತಕ್ಕಂತೆ ಕಾವಲಿನಿಂದ ಕಾವಲಿಗೆ ಮಂದೆಯ ಹಿಂದೆ ನಡೆದವರು. ಅವರಿಗೆ ಪ್ರಯಾಣವೂ ಉದ್ಯೋಗವೂ ಒಂದೇ ಆಗಿತ್ತು. ಸೀಮೆಹಸುವಿನ ಒಡೆಯನಿಗೆ ಆ ಭಾಗ್ಯವೂ ಇಲ್ಲ. ಅದನ್ನು ಬಿಸಿಲಿನಲ್ಲಿ ಹತ್ತು ಮೈಲಿ ನಡೆಸಿದರೆ ನಾಲಗೆ ಹೊರಚಾಚಿ ನಿಲ್ಲುತ್ತದೆ. ಅದು ಜಾತ್ರೆಗೆ ಬರುವ ಪ್ರಾಣಿಯಲ್ಲ. ಮೇಲಾಗಿ ಜಾತ್ರೆಯಿಂದ ರೋಗವೂ ಮನೆಗೆ ಬರುವುದುಂಟು. 2013ರಲ್ಲಿ ಕಾಲುಬಾಯಿ ಜ್ವರದಿಂದ ದಕ್ಷಿಣ ಕರ್ನಾಟಕದ ಕೊಟ್ಟಿಗೆಗಳು ಬರಿದಾದುದನ್ನು ಕಂಡವರು ಮರೆತಿಲ್ಲ. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ದನಗಳ ಜಾತ್ರೆ, ಸಂತೆಗಳಿಗೇ ತಡೆ ಬಿತ್ತು.

ಉಳಿದದ್ದು ನಂಜನಗೂಡು. ಫಾಲ್ಗುಣದ ದೊಡ್ಡ ಜಾತ್ರೆಯಲ್ಲಿ ಅಲ್ಲಿ ಐದು ರಥಗಳನ್ನು ಎಳೆಯುತ್ತಾರೆ. ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ. ಸ್ವಾಮಿಯ ಗೌತಮ ರಥ ಎಲ್ಲಕ್ಕಿಂತ ದೊಡ್ಡದು. ದನ ಸಾಕುವವರಿಗೆ ಈ ದೇವರ ಮೇಲೆ ಬೇರೆಯೇ ಒಂದು ಸಲಿಗೆ. ಟೀಪುವಿನ ಪಟ್ಟದಾನೆಯ ಕಣ್ಣುಬೇನೆ ಈ ಸನ್ನಿಧಿಯಲ್ಲಿ ವಾಸಿಯಾಯಿತೆಂದೂ, ಸುಲ್ತಾನ ಪಚ್ಚೆಯ ಲಿಂಗವೊಂದನ್ನು ಒಪ್ಪಿಸಿ ದೇವರನ್ನು ಹಕೀಂ ನಂಜುಂಡನೆಂದು ಕರೆದನೆಂದೂ ಪ್ರತೀತಿ. ಆನೆಯ ಕಣ್ಣು ನೋಡಿದವನು ಹಸುವಿನ ಕೆಚ್ಚಲು ನೋಡನೇ? ಕರು ಅಡ್ಡಲಾದ ರಾತ್ರಿ, ಜ್ವರ ಬಂದ ಹಸು ಮೇವು ಮುಟ್ಟದ ದಿನ, ಮುಡಿಪು ಕಟ್ಟುವುದು ನಂಜುಂಡನಿಗೇ.

ತೊಡಕಿರುವುದು ಹೊತ್ತಿನಲ್ಲಿ. ರಥಗಳು ಹೊರಡುವುದು ಬೆಳಗಿನ ಜಾವದ ಮುಹೂರ್ತದಲ್ಲಿ, ಅಂದರೆ ಸರಿಯಾಗಿ ಹಾಲು ಕರೆಯುವ ವೇಳೆಗೆ. ಕಪಿಲೆಯ ದಡದಲ್ಲಿಯೇ ಹುಟ್ಟಿ ಬೆಳೆದು, ನಿಂತ ರಥವನ್ನು ಎಷ್ಟೋ ಸಲ ಕಂಡು, ಚಲಿಸುವ ರಥವನ್ನು ಒಮ್ಮೆಯೂ ಕಾಣದ ಹೆಂಗಸರು ಈ ಹಳ್ಳಿಗಳಲ್ಲಿ ಇದ್ದಾರೆ. ಗಂಡ ಹೋಗಬಹುದು, ಹೆಂಡತಿ ಉಳಿಯಬೇಕು. ಅಪರೂಪಕ್ಕೆ ಅವಳು ಹೋದರೆ ಅವನು ಉಳಿಯಬೇಕು. “ನೀವು ಹೋಗ್ಬನ್ನಿ, ದನಾನ ನಾ ನೋಡ್ಕೋತೀನಿ” ಎಂಬ ಮಾತನ್ನು ಅವಳು ಎಷ್ಟು ವರ್ಷ ಹೇಳಿರುತ್ತಾಳೋ ಲೆಕ್ಕ ಇಟ್ಟವರಿಲ್ಲ. ಮದುವೆಯಾಗಿ ಇಪ್ಪತ್ತು ವರ್ಷವಾದರೂ ದಂಪತಿಗಳಿಬ್ಬರೂ ಒಟ್ಟಿಗೆ ಒಂದು ರಾತ್ರಿ ಹೊರಗೆ ಉಳಿಯದಿರುವುದು ಅಲ್ಲಿ ಆಶ್ಚರ್ಯದ ಸಂಗತಿಯಲ್ಲ.

ಟಿ. ನರಸೀಪುರದ ಗುಂಜಾ ನರಸಿಂಹಸ್ವಾಮಿ ಬೆರಳುಗಳ ನಡುವೆ ಗುಲಗಂಜಿಯೊಂದನ್ನು ಹಿಡಿದು ನಿಂತಿದ್ದಾನೆ. ಕಾವೇರಿ ಕಪಿಲೆಯರು ಕೂಡುವ ಆ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿಯ ತೂಕ ಹೆಚ್ಚೆಂಬುದು ಅದರ ಅರ್ಥವಂತೆ. ಕ್ಷೇತ್ರಮಹಿಮೆಯನ್ನು ತೂಗುವುದು ಪಂಡಿತರ ಕೆಲಸ. ಕೊಟ್ಟಿಗೆಯವರ ಲೆಕ್ಕದಲ್ಲಿ ಮಾತ್ರ ಈ ತೂಕ ನಿಜ. ಕಾಶಿಗೆ ಹೋಗಿ ಬರುವಷ್ಟು ಕಾಲ ಹಸು ಕಾಯುವುದಿಲ್ಲ. ಸಂಗಮದಲ್ಲಿ ಮುಳುಗು ಹಾಕಿ ಸಂಜೆ ಕರೆಯುವ ಹೊತ್ತಿಗೆ ಮನೆ ಸೇರಬಹುದು. 1989ರಲ್ಲಿ ಆರಂಭವಾದ ಅಲ್ಲಿನ ಕುಂಭಮೇಳಕ್ಕೆ, ಕಳೆದ 2025ರ ಫೆಬ್ರವರಿಯಲ್ಲಿ ಕೂಡ, ದೂರದೂರದಿಂದ ಜನ ಬಂದು ದಿನಗಟ್ಟಲೆ ತಂಗಿದರು. ಪಕ್ಕದ ಹಳ್ಳಿಯವರಲ್ಲಿ ಎಷ್ಟೋ ಮಂದಿ ಬೆಳಗಿನ ಡೈರಿಗೂ ಸಂಜೆಯ ಡೈರಿಗೂ ನಡುವೆ ಬಂದು ಮಿಂದು ಹೋದವರು.

ಹೊರದೇಶಗಳಲ್ಲಿ ಈ ಸಂಕಟಕ್ಕೆ ಕಾನೂನಿನಿಂದ ಪರಿಹಾರ ಕಂಡುಕೊಂಡವರಿದ್ದಾರೆ. ಫಿನ್ಲೆಂಡ್ ದೇಶದಲ್ಲಿ 1970ರ ದಶಕದಿಂದ ದನ ಸಾಕುವ ರೈತನಿಗೆ ಶಾಸನಬದ್ಧವಾದ ರಜೆಯಿದೆ. ಈಗ ಅದು ವರ್ಷಕ್ಕೆ 26 ದಿನ. ಅವನು ಊರಿಗೆ ಹೋದಾಗ ತರಬೇತಿ ಪಡೆದ ಬದಲಿಯವನೊಬ್ಬ ಕೊಟ್ಟಿಗೆಗೆ ಬರುತ್ತಾನೆ, ವೆಚ್ಚವನ್ನು ಸರಕಾರ ವಹಿಸುತ್ತದೆ. ಹತ್ತಾರು ಹಸುಗಳ ದೊಡ್ಡ ಕೊಟ್ಟಿಗೆ, ಯಂತ್ರದ ಕರಾವು, ಯಾರು ನಿಂತರೂ ಹಸುವಿಗೆ ವ್ಯತ್ಯಾಸವಿಲ್ಲ. ಎರಡು ಹಸುವಿನ ಮನೆಗೆ ಆ ಏರ್ಪಾಟನ್ನು ಹಾಗೆಯೇ ತರಲಾಗದು. ಆದರೆ ಪ್ರತಿ ಹಳ್ಳಿಯಲ್ಲಿಯೂ ಹಾಲಿನ ಸಂಘವೊಂದಿದೆ, ಯಾರ ಹಸು ಎಷ್ಟು ಕೊಡುತ್ತದೆಂಬ ಪುಸ್ತಕವಿದೆ, ಕರೆಯಲು ಬಲ್ಲ ತರುಣರಿದ್ದಾರೆ. ವಾರಕ್ಕೆ ಮುಂಚೆ ಬಂದು ಹಸುವಿಗೆ ಕೈ ಪರಿಚಯ ಮಾಡಿಸಿಕೊಂಡು, ಕೂಲಿ ಪಡೆದು, ಎರಡು ದಿನ ಕೊಟ್ಟಿಗೆ ನೋಡಿಕೊಳ್ಳುವ ಒಬ್ಬನನ್ನು ಸಂಘ ಇಟ್ಟುಕೊಳ್ಳುವುದು ಅಸಾಧ್ಯವೇನಲ್ಲ. ಹಿಂಡಿಗೆ, ವಿಮೆಗೆ, ಔಷಧಕ್ಕೆ ಯೋಚಿಸುವವರು ಹಸುವಿನ ಹಿಂದೆ ಕುಳಿತವಳ ಬಗ್ಗೆ ಯೋಚಿಸುವುದನ್ನು ಮಾತ್ರ ಏಕೋ ಮುಂದೂಡುತ್ತಲೇ ಬಂದಿದ್ದಾರೆ.

ಅಲ್ಲಿಯವರೆಗೆ ಇರುವುದು ಮುಯ್ಯಿ. ಈ ವರ್ಷ ನಮ್ಮ ಹಸುವನ್ನು ನೀವು ನೋಡಿ, ಮುಂದಿನ ವರ್ಷ ನಿಮ್ಮದನ್ನು ನಾವು. ನೆರೆಮನೆಯಾಕೆ ಜಾತ್ರೆಗೆ ಎಂಟು ದಿನ ಇರುವಾಗಲೇ ಬೆಳಗ್ಗೆ ಬಂದು ಹಸುವಿನ ಮೈ ಸವರಿ, ಕೈಯಿಂದ ಹಿಂಡಿ ತಿನ್ನಿಸಿ, ಮನೆಯಾಕೆಯ ಪಕ್ಕದಲ್ಲಿ ಕುಳಿತು ಎರಡು ಮೊಲೆ ತಾನು ಕರೆದು ಪಳಗಿಸುತ್ತಾಳೆ. ಹಿಂದಿನ ಸಂಜೆ ಹಾಲು ಡೈರಿಗೆ ಹಾಕಿ, ಹುಲ್ಲು ಎರಡು ಹೊತ್ತಿಗಾಗುವಷ್ಟು ಮುಂದಿಟ್ಟು, ದಂಪತಿಗಳು ಕಡೆಯ ಬಸ್ಸು ಹತ್ತುತ್ತಾರೆ. ರಾತ್ರಿ ದೇವಸ್ಥಾನದ ಮುಂದಣ ಬಯಲಿನಲ್ಲಿ ಸಾವಿರಾರು ಜನರ ನಡುವೆ ಮಲಗುತ್ತಾರೆ, ಬಹುಶಃ ನಿದ್ರೆ ಬರುವುದಿಲ್ಲ. ನಾಲ್ಕೂವರೆಗೆ ಯಾರೂ ಎಬ್ಬಿಸದೆ ಎಚ್ಚರವಾಗುತ್ತದೆ. ಕಪಿಲೆಯಲ್ಲಿ ಮಿಂದು ಬರುವ ಹೊತ್ತಿಗೆ ರಥದ ಹಗ್ಗಕ್ಕೆ ಜನ ಕೈ ಹಾಕಿರುತ್ತಾರೆ. ಬಾಳೆಹಣ್ಣಿಗೆ ಜವನ ಸಿಕ್ಕಿಸಿ ರಥದತ್ತ ಎಸೆದು ಕೈ ಮುಗಿದ ಮೇಲೆ, ಪುರಿ ಬತ್ತಾಸು, ಮಕ್ಕಳಿಗೆ ಒಂದು ಪೀಪಿ, ಕಡಸಿಗೆ ಒಂದು ಗೆಜ್ಜೆಯ ಪಟ್ಟಿ ಕೊಂಡು ಮಧ್ಯಾಹ್ನದ ಬಸ್ಸಿಗೆ ಓಡುತ್ತಾರೆ. ಈ ರಜೆಯನ್ನು ದಿನದಲ್ಲಿ ಎಣಿಸುವಂತಿಲ್ಲ. ಎಣಿಸಿದರೆ ಒಂದು ಹೊತ್ತಿನ ಕರಾವು, 730ರಲ್ಲಿ ಒಂದು.

ಸಂಜೆ ಕ್ಯಾನು ಹಿಡಿದು ಡೈರಿಗೆ ಹೋದಾಗ ಪುಸ್ತಕದಲ್ಲಿ ಆ ಬೆಳಗಿನ ಅಂಕಿ ಎಂದಿನದಕ್ಕಿಂತ ಒಂದೂವರೆ ಲೀಟರು ಕಡಿಮೆಯಿರುತ್ತದೆ. ರಥ ಚೆನ್ನಾಗಿ ಎಳೆದರೇ ಎಂದಷ್ಟೇ ಕಾರ್ಯದರ್ಶಿ ಕೇಳುತ್ತಾನೆ.